ಬಾಡಿಗೆ ಮನೆಯ ಕೀ ಎಷ್ಟು ಜನರ ಜೇಬಿನಲ್ಲಿದೆ?

ದೊಡ್ಡನೆಕ್ಕುಂದಿ: ಹೊರವರ್ತುಲ ರಸ್ತೆಯಲ್ಲಿ 500-ಡಿ ಬಸ್ಸಿಳಿದು ಊರೊಳಕ್ಕೆ ಕಾಲಿಟ್ಟರೆ ಗೇಟುಗಳ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು. ಒಬ್ಬರು ಖಾಲಿ ಮಾಡಿದ ವಾರದಲ್ಲೇ ಇನ್ನೊಬ್ಬರ ಸಾಮಾನಿನ ಟೆಂಪೋ ಬಂದು ನಿಲ್ಲುತ್ತದೆ. ಗೋಡೆಗೆ ಸುಣ್ಣ ಬಣ್ಣ ಆಗುತ್ತದೆ, ಬಚ್ಚಲಿನ ನಲ್ಲಿ ಹೊಸದಾಗುತ್ತದೆ. ಬೀಗ ಮಾತ್ರ ಹಳೆಯದೇ.

ಹೋದವರು ಎರಡು ಕೀ ವಾಪಸು ಕೊಟ್ಟಿರುತ್ತಾರೆ. ಆದರೆ ಅವರು ಇದ್ದ ಎರಡು ಮೂರು ವರ್ಷದಲ್ಲಿ ಎಷ್ಟು ಕೀ ಮಾಡಿಸಿದ್ದರು? ಜೊತೆಯಲ್ಲಿದ್ದ ಹುಡುಗನಿಗೊಂದು, ಕೆಲಸದವಳಿಗೊಂದು, ಊರಿಂದ ಬಂದ ಭಾವಮೈದನಿಗೊಂದು. ಫುಟ್‌ಪಾತಿನಲ್ಲಿ ಕೂತ ಕೀ ಮಾಡುವವನಿಗೆ ಇದು ಹತ್ತು ನಿಮಿಷದ ಕೆಲಸ. ಅದರ ಲೆಕ್ಕ ಯಾರ ಹತ್ತಿರವೂ ಇರೋದಿಲ್ಲ. ತಿಂಗಳುಗಟ್ಟಲೆ ಬಾಡಿಗೆಯನ್ನು ಅಡ್ವಾನ್ಸ್ ಎಂದು ಎಣಿಸಿಕೊಟ್ಟವರು ಕೀಗಳನ್ನು ಎಣಿಸೋದೇ ಇಲ್ಲ!

ಬೀಗ ಬದಲಿಸೋಣ ಅಂದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ಅಂಕಲ್, ಬೇರೆ ಬೀಗ ಹಾಕಿಸ್ಕೊಳ್ಲಾ?’

‘ಬಾಗ್ಲು ತೇಗದ್ದು ಕಣಪ್ಪ, ತೂತು ಗೀತು ಮಾಡ್ಬೇಡ. ಇರೋ ಬೀಗ ಚೆನ್ನಾಗೇ ಇದೆಯಲ್ಲ.’

ಓನರ್ರ ಭಯವೂ ಸುಳ್ಳಲ್ಲ. ಒಬ್ಬೊಬ್ಬ ಬಾಡಿಗೆದಾರ ಒಂದೊಂದು ಬೀಗ ಕೊರೆಸಿ, ಬಾಗಿಲು ಜರಡಿಯಾದ ಮನೆಗಳು ಎಷ್ಟೋ ಇವೆ. ಆದರೆ ಬಾಗಿಲೊಳಗೆ ಹುದುಗಿಸಿದ ಈಗಿನ ಬಹಳಷ್ಟು ಬೀಗಗಳಲ್ಲಿ ಕೀ ತೂರಿಸುವ ಸಿಲಿಂಡರನ್ನಷ್ಟೇ ಸ್ಕ್ರೂ ಬಿಚ್ಚಿ ಬದಲಿಸಬಹುದು. ಒಂದು ತೂತೂ ಬೇಕಿಲ್ಲ. ಹಳೆಯ ಸಿಲಿಂಡರನ್ನು ಕವರಿನಲ್ಲಿ ಹಾಕಿ ಎತ್ತಿಟ್ಟು, ಮನೆ ಬಿಡುವಾಗ ಮತ್ತೆ ಕೂರಿಸಿಕೊಟ್ಟರೆ ತಕರಾರಿಗೆ ಜಾಗವೆಲ್ಲಿ?

ಕಾನೂನು ಏನನ್ನುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಬರೆದದ್ದೇ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟು. ನೆಕ್ಕುಂದಿಯಲ್ಲಿ ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹೀಗಾಗಿ ಇಲ್ಲಿಯವರಿಗೆ ಗತಿ ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಬಾಡಿಗೆದಾರ ತಾನು ಹಾಕಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಷರತ್ತು ಎರಡು. ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು. ಮನೆ ತನ್ನ ವಶದಲ್ಲಿ ಇರುವಾಗಲೇ ಬಿಚ್ಚಬೇಕು. ಕೀ ಒಪ್ಪಿಸಿ ಬಂದ ಮೇಲೆ ‘ನನ್ನ ಬೀಗ ಕೊಡಿ’ ಅಂದರೆ ನಡೆಯೋದಿಲ್ಲ. ಅದೇ ಕಲಂ ಮಾಲೀಕನಿಗೂ ಸೂಕ್ತ ವೇಳೆಯಲ್ಲಿ ಬಂದು ಮನೆ ನೋಡುವ ಹಕ್ಕು ಕೊಟ್ಟಿದೆ. ಹಾಗಂತ ಯಾರೂ ಇಲ್ಲದಾಗ ಕೀ ತಿರುಗಿಸಿ ಒಳಗೆ ಬರಬಹುದು ಎಂದರ್ಥವಲ್ಲ.

ಆದ್ದರಿಂದ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವ ಮೊದಲೇ ಒಂದು ಸಾಲು ಬರೆಸಿಕೊಳ್ಳಬೇಕು: ‘ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಬೀಗ ಬದಲಿಸಬಹುದು, ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕು.’ ಕೀ ಎಷ್ಟು ಕೈ ಬದಲಾಯಿತು ಎಂಬ ಸಂಖ್ಯೆಯೂ ಅಲ್ಲೇ ಇರಲಿ. ಆಮೇಲೆ ಕೇಳಿದರೆ ಓನರ್ರ ಮುಖ ಗಂಟಾಗುತ್ತದೆ.

ಇನ್ನು ಬಾಗಿಲ ಹೊರಗೆ ತೂಗುವ ದಪ್ಪ ಬೀಗ. ಅದು ಗಟ್ಟಿ ನಿಜ, ಆದರೆ ‘ಮನೇಲಿ ಯಾರೂ ಇಲ್ಲ’ ಎಂದು ಬೀದಿಗೆಲ್ಲ ಸಾರುವುದೂ ಅದೇ. ಹಳೇ ಮನೆಗಳಲ್ಲಿ ಬೀಗ ಗಟ್ಟಿ, ಕೊಂಡಿಯ ಸ್ಕ್ರೂ ಮಾತ್ರ ಅರ್ಧ ಇಂಚಿನದು! ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದನೆಯ ಸ್ಕ್ರೂ ತಂದು ಅದೇ ತೂತಿಗೆ ಬಿಗಿಸಿದರೆ ಬಾಗಿಲಿಗೂ ಕೇಡಿಲ್ಲ. ಹಬ್ಬಕ್ಕೆ ಊರಿಗೆ ಹೋಗುವವರು ಹಾಲು, ಪೇಪರು ನಿಲ್ಲಿಸಿ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಗೊತ್ತಿಲ್ಲದ್ದು ವಿಮೆಯ ವಿಷಯ. ಸಾಮಾನು ಬಾಡಿಗೆದಾರನದು, ಆದ್ದರಿಂದ ಮನೆ ತನ್ನದಲ್ಲದಿದ್ದರೂ ಕನ್ನಗಳವಿನ ವಿಮೆ ಮಾಡಿಸಬಹುದು. ಆದರೆ 2004ರಲ್ಲಿ ಹರಚಂದ್ ರಾಯ್ ಚಂದನ್ ಲಾಲ್ ಎಂಬ ವ್ಯಾಪಾರ ಸಂಸ್ಥೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಅಂಗಡಿಯವರೂ ಕೇಳಬೇಕು. ಬಲಪ್ರಯೋಗ ಮಾಡಿ ಒಳನುಗ್ಗಿರಬೇಕು ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲ. ಅಂದರೆ ಬಾಗಿಲು ಮುರಿದ ಕಳ್ಳನಿಗೆ ವಿಮೆ ಉಂಟು. ಹಳೇ ಕೀಯಿಂದ ಮೆತ್ತಗೆ ತೆರೆದು, ದೋಚಿ, ಮತ್ತೆ ಬೀಗ ಹಾಕಿ ಹೋದವನಿಗೆ ವಿಮೆ ಇಲ್ಲ. ಸಿಲಿಂಡರಿನ ಬೆಲೆ ಜಾಸ್ತಿ ಅನ್ನುವವರು ಈ ಲೆಕ್ಕವನ್ನೂ ಹಾಕಬೇಕು.

ಕಳವಾದರೆ ಏನನ್ನೂ ಮುಟ್ಟದೆ 112ಕ್ಕೆ ಫೋನು. ‘ಇದು ನಮ್ಮ ಸರಹದ್ದಲ್ಲ, ಆ ಸ್ಟೇಷನ್ನಿಗೆ ಹೋಗಿ’ ಎಂದು ಅಲೆಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಯಾವ ಸರಹದ್ದಿನಲ್ಲೇ ನಡೆದಿರಲಿ, ಹೋದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು. ಎಫ್.ಐ.ಆರ್. ಪ್ರತಿಗೆ ಕಾಸು ಕೊಡಬೇಕಿಲ್ಲ. ಅದನ್ನು ಅಲ್ಲೇ ಕೇಳಿ ಇಸಿದುಕೊಳ್ಳಬೇಕು, ವಿಮೆಯವರು ಮೊದಲು ಕೈ ಚಾಚೋದು ಅದಕ್ಕೇ.