ಎಳೆಯ ಕುದುರೆಯ ಶಿಕ್ಷಣ

ಗ್ರೀಸಿನ ಉತ್ತರಕ್ಕಿದ್ದ ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಬಳಿಗೆ ವ್ಯಾಪಾರಿಯೊಬ್ಬನು ಒಂದು ಕುದುರೆಯನ್ನು ತಂದನು. ಅದರ ಹೆಸರು ಬ್ಯುಸೆಫಲಸ್; ಬೆಲೆ 13 ಟ್ಯಾಲೆಂಟುಗಳು. ಆದರೆ ಆ ಕುದುರೆ ಯಾರನ್ನೂ ಹತ್ತಿರಕ್ಕೆ ಬರಗೊಡಲಿಲ್ಲ. ಸವಾರರು ಸಮೀಪಿಸಿದೊಡನೆ ಹಿಂಗಾಲುಗಳ ಮೇಲೆ ಎದ್ದು ನಿಲ್ಲುತ್ತಿತ್ತು. ಇದು ಪಳಗುವ ಪ್ರಾಣಿಯಲ್ಲವೆಂದು ಬಗೆದು, ದೊರೆ ಅದನ್ನು ಹಿಂದಕ್ಕೆ ಕಳುಹಿಸಲು ಅಪ್ಪಣೆ ಮಾಡಿದನು. ಆಗ ಇನ್ನೂ ಬಾಲಕನಾಗಿದ್ದ ಅವನ ಮಗ ಅಲೆಕ್ಸಾಂಡರನು ಮುಂದೆ ಬಂದನು. ಕುದುರೆ ಬೆದರುತ್ತಿದ್ದುದು ತನ್ನ ಮುಂದೆ ಬಿದ್ದು ಕುಣಿಯುತ್ತಿದ್ದ ತನ್ನದೇ ನೆರಳನ್ನು ಕಂಡು ಎಂಬುದನ್ನು ಅವನು ಗಮನಿಸಿದ್ದನು. ಲಗಾಮನ್ನು ಹಿಡಿದು ಅದರ ಮುಖವನ್ನು ಸೂರ್ಯನತ್ತ ತಿರುಗಿಸಿದನು. ನೆರಳು ಹಿಂದಕ್ಕೆ ಸರಿಯಿತು. ಮೈದಡವುತ್ತ ಸ್ವಲ್ಪ ದೂರ ಅದರ ಪಕ್ಕದಲ್ಲಿ ನಡೆದು, ಅದು ಶಾಂತವಾದ ಮೇಲೆ ಬೆನ್ನೇರಿದನು. ಪ್ರಾಚೀನ ಲೇಖಕನಾದ ಪ್ಲುಟಾರ್ಕನು ಹೇಳಿರುವ ಈ ಕಥೆಯಲ್ಲಿ ಅಶ್ವಶಿಕ್ಷಣದ ಸಾರವೇ ಅಡಗಿದೆ. ಕುದುರೆಯನ್ನು ಗೆಲ್ಲಬೇಕಾದರೆ ಮೊದಲು ಅದರ ಭಯದ ಕಾರಣವನ್ನು ಅರಿಯಬೇಕು.

ಕುದುರೆ ಹುಲ್ಲು ಮೇಯುವ ಪ್ರಾಣಿ. ಬಯಲಿನಲ್ಲಿ ಹಿಂಸ್ರಮೃಗಗಳ ನಡುವೆ ಬಾಳಿದ ಅದರ ಪೂರ್ವಜರಿಗೆ ಕೊಂಬಿರಲಿಲ್ಲ, ಕೋರೆಹಲ್ಲಿನ ಬಲವಿರಲಿಲ್ಲ. ವೇಗವೊಂದೇ ಅವುಗಳ ರಕ್ಷಣೆಯಾಗಿತ್ತು. ಆದುದರಿಂದ ಹೊಸದೇನನ್ನು ಕಂಡರೂ ಮೊದಲು ಓಡುವುದು, ಅನಂತರ ತಿರುಗಿ ನೋಡುವುದು ಕುದುರೆಯ ಹುಟ್ಟುಗುಣವಾಯಿತು. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ತನ್ನ ಸುತ್ತಲಿನ ಬಹುಭಾಗವನ್ನು ಏಕಕಾಲಕ್ಕೆ ಕಾಣಬಲ್ಲದು. ಆದರೆ ಹಣೆಯ ನೇರ ಮುಂಭಾಗದ ತೀರ ಸಮೀಪದಲ್ಲಿಯೂ ಬಾಲದ ಹಿಂದೆಯೂ ಇರುವುದು ಅದಕ್ಕೆ ಕಾಣಿಸದು. ಹಿಂದಿನಿಂದ ಸದ್ದಿಲ್ಲದೆ ಬಂದವನನ್ನು ಅದು ಒದೆಯುವುದಕ್ಕೆ ಇದೇ ಕಾರಣ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಬೆಚ್ಚುವ ಮನುಷ್ಯನಂತೆ, ಕುದುರೆ ಗಾಳಿಗೆ ಹಾರುವ ಕಾಗದದ ಚೂರಿಗೂ ಬೆಚ್ಚುತ್ತದೆ. ಇದನ್ನು ಮೊಂಡುತನವೆಂದು ಭಾವಿಸಿ ಚಾವಟಿಯಿಂದ ಹೊಡೆದರೆ, ಆ ವಸ್ತುವಿನೊಡನೆ ಪೆಟ್ಟಿನ ನೋವೂ ಅದರ ನೆನಪಿನಲ್ಲಿ ಬೆಸೆದುಕೊಳ್ಳುತ್ತದೆ. ಕುದುರೆಯ ಸ್ಮರಣಶಕ್ತಿ ಬಲವಾದುದು; ಒಂದು ಗಳಿಗೆಯ ಕೋಪದಿಂದ ಕೆಟ್ಟುದನ್ನು ಸರಿಪಡಿಸಲು ಎಷ್ಟೋ ತಿಂಗಳುಗಳು ಬೇಕಾಗಬಹುದು.

ಈ ಸತ್ಯವನ್ನು ಪ್ರಾಚೀನರೂ ಅರಿತಿದ್ದರು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಜೆನೊಫನ್ ಅಶ್ವಾರೋಹಣವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಕಾಸ್ತಾರನು ಮರಿಗುದುರೆಯನ್ನು ಜನಸಂದಣಿಯ ನಡುವೆ ನಡೆಸಿಕೊಂಡು ಹೋಗಿ ಬಗೆಬಗೆಯ ನೋಟಗಳಿಗೂ ಸದ್ದುಗಳಿಗೂ ಅದನ್ನು ಒಗ್ಗಿಸಬೇಕೆಂದೂ, ಅದು ಹೆದರಿದಾಗ ಗದರಿಸದೆ ಸಂತೈಸಬೇಕೆಂದೂ, ಕುದುರೆಯೊಡನೆ ಎಂದಿಗೂ ಕೋಪದಿಂದ ವರ್ತಿಸಬಾರದೆಂದೂ ಅವನು ಅದರಲ್ಲಿ ತಿಳಿಸಿದ್ದಾನೆ.

ಶಿಕ್ಷಣವು ಬೆನ್ನೇರುವುದಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತದೆ. ಮರಿಯಾಗಿರುವಾಗಲೇ ಮನುಷ್ಯರ ಕೈಸ್ಪರ್ಶಕ್ಕೆ, ಗೊರಸೆತ್ತಿ ಶುಚಿಗೊಳಿಸುವುದಕ್ಕೆ, ಹಗ್ಗ ಹಿಡಿದವನ ಜೊತೆಯಲ್ಲಿ ನಡೆಯುವುದಕ್ಕೆ ಅದನ್ನು ಒಗ್ಗಿಸುತ್ತಾರೆ. ಸವಾರಿಯ ಕ್ರೀಡೆಗಳಿಗೆಂದು ಬೆಳೆಸಿದ ಕುದುರೆಯನ್ನು ಸಾಮಾನ್ಯವಾಗಿ 3 ಅಥವಾ 4 ವರ್ಷಗಳಾದ ಮೇಲೆ ಸವಾರಿಗೆ ತರುವರು. ಆಗಲೂ ಅದರ ಬೆನ್ನೆಲುಬು ಪೂರ್ಣವಾಗಿ ಬಲಿತಿರುವುದಿಲ್ಲ. ಅದಕ್ಕೆ ಸುಮಾರು 5–6 ವರ್ಷಗಳು ಬೇಕು. ಆದುದರಿಂದ ಆರಂಭದ ಪಾಠಗಳು ಚಿಕ್ಕವಾಗಿಯೂ ಹಗುರವಾಗಿಯೂ ಇರಬೇಕು. ಮೊದಲು ಬೆನ್ನಿನ ಮೇಲೆ ಬಟ್ಟೆ, ಅನಂತರ ಜೀನು. ಜೀನಿನ ಪಟ್ಟಿಯನ್ನು ಮೊದಲ ದಿನವೇ ಬಿಗಿಯದೆ ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬಿಗಿಯುವುದು. ಬಳಿಕ ಸವಾರನು ಬೆನ್ನಿಗೆ ಅಡ್ಡಲಾಗಿ ಒರಗಿ ತನ್ನ ಭಾರವನ್ನು ಪರಿಚಯಿಸುವುದು. ಕಡೆಗೆ ಕಾಲು ಚಾಚಿ ಕುಳಿತುಕೊಳ್ಳುವುದು. ಸವಾರನ ಕಾಲಿನ ಒತ್ತಡಕ್ಕೆ ಕುದುರೆ ಒಂದು ಹೆಜ್ಜೆ ಮುಂದಿಟ್ಟೊಡನೆ ಒತ್ತಡವನ್ನು ಸಡಿಲಿಸಬೇಕು. ಆ ಬಿಡುಗಡೆಯೇ ಅದಕ್ಕೆ ಬಹುಮಾನ. ಅದರಿಂದಲೇ ಕುದುರೆ ಸರಿಯಾದ ಉತ್ತರ ಯಾವುದೆಂದು ಕಲಿಯುತ್ತದೆ.

ಮುಂದಿನ ಹಂತ ಹೊರಗಿನ ಪ್ರಪಂಚದ ಪರಿಚಯ. ರಸ್ತೆಯ ವಾಹನ, ಕೊಡೆ, ನೀರಿನ ಹೊಂಡ, ಕಿರುಸೇತುವೆ, ಬಣ್ಣಬಣ್ಣದ ಅಡ್ಡಗಂಬಗಳು ಇವೆಲ್ಲವೂ ಎಳೆಯ ಕುದುರೆಗೆ ಅಚ್ಚರಿಗಳೇ. ನೀರಿನ ಆಳವನ್ನು ಅದು ನೋಟದಿಂದ ಅರಿಯಲಾರದು. ಗೇಣುದ್ದದ ಹೊಂಡವೂ ಅದಕ್ಕೆ ಬಾವಿಯಂತೆ ತೋರಬಹುದು. ಅನುಭವಸ್ಥವಾದ ಶಾಂತ ಕುದುರೆಯೊಂದು ಮುಂದೆ ನಡೆದು ನೀರನ್ನು ದಾಟಿದರೆ ಎಳೆಯದು ಧೈರ್ಯಗೊಂಡು ಹಿಂಬಾಲಿಸುತ್ತದೆ. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಒಡನಾಡಿಯ ಸಮಾಧಾನವೇ ದೊಡ್ಡ ಭರವಸೆ. ಎಡಗಡೆಯಿಂದ ಕಂಡು ಒಗ್ಗಿದ ವಸ್ತುವನ್ನು ಬಲಗಡೆಯಿಂದ ಕಂಡಾಗ ಕೆಲವು ಕುದುರೆಗಳು ಮತ್ತೆ ಬೆಚ್ಚುವುದುಂಟು. ಆದುದರಿಂದ ಪ್ರತಿಯೊಂದನ್ನೂ ಎರಡು ಕಡೆಗಳಿಂದಲೂ ತೋರಿಸಬೇಕು.

ಹಂತಹಂತವಾಗಿ ಕಲಿಸುವುದರ ಹಿರಿಮೆಯನ್ನು ವಿಜ್ಞಾನವೂ ಸಮರ್ಥಿಸಿದೆ. ಡೆನ್ಮಾರ್ಕಿನ 2 ವರ್ಷದ 27 ಗಂಡು ಕುದುರೆಗಳ ಮೇಲೆ ನಡೆದ ಒಂದು ಪ್ರಯೋಗದ ವಿವರ 2006ರಲ್ಲಿ ಪ್ರಕಟವಾಯಿತು. ಅಲುಗಾಡುವ ಬಿಳಿಯ ನೈಲಾನ್ ಚೀಲವೊಂದಕ್ಕೆ ಅವುಗಳನ್ನು ಮೂರು ವಿಧಾನಗಳಲ್ಲಿ ಒಗ್ಗಿಸಲಾಯಿತು. ಮೊದಲನೆಯ ಗುಂಪಿಗೆ ಚೀಲವನ್ನು ಒಮ್ಮೆಗೇ ಪೂರ್ಣವಾಗಿ ತೋರಿಸಿದರು. ಎರಡನೆಯ ಗುಂಪಿಗೆ ಸ್ವಲ್ಪಸ್ವಲ್ಪವಾಗಿ ಪರಿಚಯಿಸಿದರು. ಮೂರನೆಯ ಗುಂಪಿಗೆ ಅದರೊಡನೆ ಆಹಾರದ ಆಸೆಯನ್ನು ಜೋಡಿಸಿದರು. ಸ್ವಲ್ಪಸ್ವಲ್ಪವಾಗಿ ಪರಿಚಯ ಪಡೆದ ಕುದುರೆಗಳು ಕಡಿಮೆ ಬೆದರಿದುವು. ಕಡಿಮೆ ಪಾಠಗಳಲ್ಲಿಯೇ ಕಲಿತುವು.

ಕುದುರೆಗೆ ಕಲಿಸುವವನು ತಾನೂ ಕಲಿಯಬೇಕಾದುದುಂಟು. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಈ ಸಲ ಕುದುರೆ ಹಾದುಹೋಗುವಾಗ ಕೊಡೆಯೊಂದನ್ನು ಥಟ್ಟನೆ ಬಿಚ್ಚಲಾಗುವುದೆಂದು ಸವಾರರಿಗೆ ತಿಳಿಸಲಾಯಿತು. ಕೊಡೆಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಸವಾರರ ಎದೆಬಡಿತ ಹೆಚ್ಚಿತು. ಅವರೊಡನೆ ಏನನ್ನೂ ಅರಿಯದ ಕುದುರೆಗಳ ಎದೆಬಡಿತವೂ ಹೆಚ್ಚಿತು. ಸವಾರನ ಅಂಜಿಕೆ ಕುದುರೆಗೆ ಹೇಗೆ ತಾಗುವುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕನ್ನಡಿಗರಿಗೆ ಈ ಶಿಕ್ಷಣದ ಒಂದು ಮುಖ ಮೈಸೂರಿನಲ್ಲಿಯೇ ಕಾಣಸಿಗುತ್ತದೆ. ದಸರೆಯಲ್ಲಿ 21 ಕುಶಾಲತೋಪುಗಳನ್ನು ಹಾರಿಸುವುದು ವಾಡಿಕೆ. ಉತ್ಸವದಲ್ಲಿ ಭಾಗವಹಿಸುವ ಆನೆಗಳಿಗೂ ಪೊಲೀಸ್ ಅಶ್ವದಳದ ಕುದುರೆಗಳಿಗೂ ಫಿರಂಗಿಯ ಸದ್ದು ಪರಿಚಯವಾಗಲೆಂದು ಮುಂಚಿತವಾಗಿಯೇ ಸಿಡಿತದ ತಾಲೀಮನ್ನು ನಡೆಸುತ್ತಾರೆ. ಲಕ್ಷಾಂತರ ಜನರ ನಡುವೆ ಒಂದು ಪ್ರಾಣಿ ಬೆದರಿ ಓಡಿದರೆ ಆಗುವ ಅನಾಹುತವನ್ನು ಊಹಿಸಿದರೆ ಈ ತಾಲೀಮಿನ ಬೆಲೆ ತಿಳಿಯುತ್ತದೆ.

ಸ್ಪರ್ಧೆ ಕಡೆಯ ಮೆಟ್ಟಿಲು. ಜಾಣ ಶಿಕ್ಷಕನು ಎಳೆಯ ಕುದುರೆಯನ್ನು ಮೊದಲ ಸಲ ಸ್ಪರ್ಧೆಯ ಮೈದಾನಕ್ಕೆ ಕರೆದೊಯ್ಯುವುದು ಗೆಲ್ಲಲಿಕ್ಕಲ್ಲ, ನೋಡಲಿಕ್ಕೆ. ಅಲ್ಲಿ ಬಾವುಟಗಳಿವೆ, ಧ್ವನಿವರ್ಧಕದ ಕೂಗಿದೆ, ಚಪ್ಪಾಳೆಯಿದೆ, ಅಪರಿಚಿತ ಕುದುರೆಗಳಿವೆ. ಬೇಗನೆ ಹೋಗಿ ಮೈದಾನದ ಸುತ್ತ ನಡೆಸಿ, ಮೇವು ತಿನ್ನಿಸಿ, ಶಾಂತವಾಗಿ ಹಿಂದಕ್ಕೆ ಕರೆತಂದರೆ ಆ ದಿನದ ಪಾಠ ಮುಗಿಯಿತು. ಮುಂದೆ ಸ್ಪರ್ಧಿಸುವಾಗಲೂ, ಮನೆಯಲ್ಲಿ ಸಲೀಸಾಗಿ ಹಾರುವ ಎತ್ತರಕ್ಕಿಂತ ಕಡಿಮೆ ಎತ್ತರದ ತಡೆಗಳಿರುವ ವಿಭಾಗವನ್ನೇ ಆರಿಸುವರು. ಒಲಿಂಪಿಕ್ ಕ್ರೀಡೆಗಳಲ್ಲಿ 8 ವರ್ಷ ತುಂಬದ ಕುದುರೆಗೆ ಪ್ರವೇಶವೇ ಇಲ್ಲ.

ಅಶ್ವಾರೋಹಣದ ಕಠಿಣ ಸ್ಪರ್ಧೆಗಳಲ್ಲೊಂದು ಈವೆಂಟಿಂಗ್. ಇದರಲ್ಲಿ ಶಿಸ್ತಿನ ನಡಿಗೆ, ಹಳ್ಳ ದಿಬ್ಬಗಳನ್ನು ದಾಟುವ ಬಯಲೋಟ, ತಡೆಗಳ ಜಿಗಿತ ಎಂಬ ಮೂರು ಪರೀಕ್ಷೆಗಳಿವೆ. 2018ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಸಿನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಇದರಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. 1982ರ ಬಳಿಕ ಏಷ್ಯನ್ ಕ್ರೀಡೆಗಳ ಅಶ್ವಾರೋಹಣದಲ್ಲಿ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕ ಅದು. ಅಪರಿಚಿತವಾದ ತಡೆಯತ್ತ ವೇಗವಾಗಿ ಧಾವಿಸುವಾಗ ಕುದುರೆಗೆ ತಡೆಯ ಆಚೆ ಏನಿದೆಯೆಂದು ತಿಳಿಯದು. ಆದರೂ ಅದು ಹಾರುತ್ತದೆ. ಬೆನ್ನಿನ ಮೇಲಿರುವವನು ತನ್ನನ್ನು ಕೇಡಿಗೆ ದೂಡಲಾರನೆಂಬ ನಂಬಿಕೆ ಅದಕ್ಕೆ ಅಭ್ಯಾಸವಾಗಿರುತ್ತದೆ.

ಬ್ಯುಸೆಫಲಸ್ ಅನೇಕ ಯುದ್ಧಗಳಲ್ಲಿ ಅಲೆಕ್ಸಾಂಡರನನ್ನು ಹೊತ್ತು, ಅವನೊಡನೆ ಭಾರತದವರೆಗೂ ಬಂದಿತು. ಕ್ರಿ.ಪೂ. 326ರ ಸುಮಾರಿಗೆ ಅದು ಸತ್ತಾಗ ಅವನು ಝೀಲಂ ನದಿಯ ದಡದಲ್ಲಿ ಅದರ ಹೆಸರಿನಲ್ಲಿ ಒಂದು ನಗರವನ್ನು ಕಟ್ಟಿಸಿದನು. ನೆರಳಿಗೆ ಹೆದರುತ್ತಿದ್ದ ಕುದುರೆ ರಣರಂಗಕ್ಕೂ ಹೆದರದಂತಾದುದು ತಾಳ್ಮೆಯ ಫಲ. ಆ ತಾಳ್ಮೆಯಿಲ್ಲದವನು ಕುದುರೆಯನ್ನು ಏರಬಹುದು, ಆದರೆ ಸವಾರನಾಗಲಾರನು.