ಕ್ವಾರ್ಟರ್‌ಬ್ಯಾಕ್ ಬದಲಾದರೂ ಬದಲಾಗದ ಕಥೆ: ಷಿಕಾಗೊ ಬೇರ್ಸ್ ಅಭಿಮಾನಿಗಳು ಸಿಡಿದೆದ್ದದ್ದೇಕೆ?

ಅದು 2024ರ ನವೆಂಬರ್ 28, ಗುರುವಾರ. ಅಮೆರಿಕನ್ನರು ಮನೆಮಂದಿಯೊಡನೆ ಟಿವಿಯ ಮುಂದೆ ಕುಳಿತು ಫುಟ್ಬಾಲ್ ನೋಡುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಡೆಟ್ರಾಯಿಟ್ ಲಯನ್ಸ್ ವಿರುದ್ಧ ಮೊದಲಾರ್ಧದಲ್ಲಿ 16–0ಯಿಂದ ಹಿಂದಿದ್ದ ಷಿಕಾಗೊ ಬೇರ್ಸ್ ತಂಡ ಸಾವರಿಸಿಕೊಂಡು ಅಂತರವನ್ನು 23–20ಕ್ಕೆ ಇಳಿಸಿತ್ತು. ಆಟ ಮುಗಿಯಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಉಳಿದಿದ್ದಾಗ ಬೇರ್ಸ್‌ನ ಯುವ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಅವರನ್ನು ಎದುರಾಳಿಗಳು ಚೆಂಡಿನ ಸಮೇತ ನೆಲಕ್ಕೆ ಕೆಡವಿದರು. ಗಡಿಯಾರ ಓಡುತ್ತಲೇ ಇತ್ತು. ತಂಡದ ಬಳಿ ಒಂದು ಟೈಮ್‌ಔಟ್ ಬಾಕಿಯಿತ್ತು. ಅದನ್ನು ಕೇಳಿದ್ದರೆ ಗಡಿಯಾರ ನಿಲ್ಲುತ್ತಿತ್ತು. ಇನ್ನೊಂದು ಚಿಕ್ಕ ಎಸೆತಕ್ಕೂ, ಪಂದ್ಯವನ್ನು ಸಮಬಲಕ್ಕೆ ತರುವ ಫೀಲ್ಡ್ ಗೋಲ್ ಯತ್ನಕ್ಕೂ ಅವಕಾಶವಿರುತ್ತಿತ್ತು. ಮುಖ್ಯ ತರಬೇತುದಾರ ಮ್ಯಾಟ್ ಎಬರ್‌ಫ್ಲಸ್ ಕೇಳಲಿಲ್ಲ. ಆರು ಸೆಕೆಂಡು ಉಳಿದಿದ್ದಾಗ ಚೆಂಡು ಆಟಕ್ಕೆ ಬಂತು. ವಿಲಿಯಮ್ಸ್ ದೂರಕ್ಕೆ ಎಸೆದರು. ಹಿಡಿಯುವವರಿಲ್ಲದೆ ಅದು ನೆಲಕ್ಕೆ ಬಿತ್ತು. ಬಳಸದ ಟೈಮ್‌ಔಟ್ ಹಾಗೆಯೇ ಉಳಿಯಿತು.

ಮರುದಿನವೇ ಎಬರ್‌ಫ್ಲಸ್ ಅವರನ್ನು ವಜಾ ಮಾಡಲಾಯಿತು. 1920ರಲ್ಲಿ ಸ್ಥಾಪನೆಯಾದ ಬೇರ್ಸ್ ತಂಡ ಋತುವಿನ ನಡುವೆ ಮುಖ್ಯ ತರಬೇತುದಾರನನ್ನು ಮನೆಗೆ ಕಳುಹಿಸಿದ್ದು ಅದೇ ಮೊದಲು. ಶತಮಾನದ ಸಂಪ್ರದಾಯವನ್ನು ಮುರಿದರೂ ಅಭಿಮಾನಿಗಳ ಸಿಟ್ಟು ಶಮನವಾಗಲಿಲ್ಲ. ನಾಲ್ಕು ವಾರಗಳ ನಂತರ, ಡಿಸೆಂಬರ್ 26ರಂದು ಸಿಯಾಟಲ್ ಸೀಹಾಕ್ಸ್ ವಿರುದ್ಧ ತವರಿನಲ್ಲಿ 6–3ರಿಂದ ಸೋತ ರಾತ್ರಿ, ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಕೇಳಿಬಂದ ಕೂಗು ತರಬೇತುದಾರರನ್ನೂ ದಾಟಿ ಮಾಲೀಕರನ್ನು ತಲುಪಿತ್ತು: ತಂಡವನ್ನು ಮಾರಿಬಿಡಿ!

ಸೋಲುವ ತಂಡಗಳಿಗೆ ಅಮೆರಿಕದಲ್ಲೇನೂ ಬರವಿಲ್ಲ. ಹಾಗಿರುವಾಗ ಷಿಕಾಗೊ ಜನರ ಹತಾಶೆ ಇಷ್ಟು ಕಹಿಯಾದದ್ದೇಕೆ? ಇದಕ್ಕೆ ಉತ್ತರ ಹುಡುಕಲು ಮೊದಲು ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತನ ಸ್ಥಾನವೇನು ಎಂಬುದನ್ನು ಅರಿಯಬೇಕು.

ಕಿವಿಯಲ್ಲಿ ಆದೇಶ, ಎದುರಿಗೆ ಆಪತ್ತು

ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಸಾಗಿದರೆ ಮತ್ತೆ ನಾಲ್ಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಓಟಗಾರನ ಕೈಗಿಡಬೇಕೆ, ದೂರದ ಸಹ ಆಟಗಾರನತ್ತ ಎಸೆಯಬೇಕೆ, ತಾನೇ ಓಡಬೇಕೆ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಮುಂದೆ ನಿಂತ ಐವರು ದೈತ್ಯದೇಹಿಗಳು ಅಷ್ಟು ಹೊತ್ತು ಆತನನ್ನು ಕಾಯಬೇಕು. ಕಾವಲು ಒಡೆದರೆ, ಇಲ್ಲವೇ ಆತ ತಡ ಮಾಡಿದರೆ, ಚೆಂಡಿನೊಡನೆ ನೆಲ ಕಚ್ಚುತ್ತಾನೆ. ಅದಕ್ಕೆ ಸ್ಯಾಕ್ ಎನ್ನುತ್ತಾರೆ.

ಆದರೆ ಯಾವ ತಂತ್ರ ಆಡಬೇಕು ಎಂಬುದು ಸಾಮಾನ್ಯವಾಗಿ ಆತನ ಆಯ್ಕೆಯಲ್ಲ. ಅದನ್ನು ಆಕ್ರಮಣ ವಿಭಾಗದ ತರಬೇತುದಾರ, ಅಂದರೆ ಆಫೆನ್ಸಿವ್ ಕೋಆರ್ಡಿನೇಟರ್, ಅಥವಾ ಕೆಲವು ತಂಡಗಳಲ್ಲಿ ಮುಖ್ಯ ತರಬೇತುದಾರ, ಶಿರಸ್ತ್ರಾಣದೊಳಗಿನ ರೇಡಿಯೊ ಮೂಲಕ ತಿಳಿಸುತ್ತಾನೆ. ಒಂದು ಆಟ ಮುಗಿದು ಇನ್ನೊಂದು ಆರಂಭವಾಗಲು ಇರುವ 40 ಸೆಕೆಂಡುಗಳಲ್ಲಿ 15 ಉಳಿದಾಗ ಆ ಸಂಪರ್ಕ ಕಡಿತಗೊಳ್ಳುತ್ತದೆ. ಬೌಲರ್ ಓಡಿ ಬರುವ ಮುನ್ನ ಯಾವ ಹೊಡೆತ ಬಾರಿಸಬೇಕೆಂದು ಪ್ರತಿ ಎಸೆತಕ್ಕೂ ಪೆವಿಲಿಯನ್‌ನಿಂದ ಬ್ಯಾಟ್ಸ್‌ಮನ್ ಕಿವಿಗೆ ಆದೇಶ ಬರುವ ಕ್ರಿಕೆಟ್ ಅನ್ನು ಊಹಿಸಿಕೊಂಡರೆ ಕ್ವಾರ್ಟರ್‌ಬ್ಯಾಕ್‌ನ ಪಾಡು ಅರ್ಥವಾದೀತು.

ಈ ಆದೇಶಗಳಿಗೆ ಪ್ರತಿ ತರಬೇತುದಾರನದೂ ಒಂದೊಂದು ಭಾಷೆ. ಕಾವಲುಗಾರರ ಜೋಡಣೆ, ಓಟದ ದಾರಿಗಳು, ತುರ್ತಿನಲ್ಲಿ ಯಾರತ್ತ ಎಸೆಯಬೇಕೆಂಬ ಸೂಚನೆ ಎಲ್ಲವೂ ಸಂಕೇತ ಪದಗಳಲ್ಲಿ ಅಡಗಿರುತ್ತವೆ. ತರಬೇತುದಾರ ಬದಲಾದರೆ ಭಾಷೆಯೂ ಬದಲಾಗುತ್ತದೆ. ಆಟಗಾರ ಮತ್ತೆ ಅಕ್ಷರಾಭ್ಯಾಸದಿಂದ ಶುರು ಮಾಡಬೇಕಾಗುತ್ತದೆ. ಷಿಕಾಗೊದ ಕಥೆಯ ಮರ್ಮ ಇರುವುದು ಇಲ್ಲಿಯೇ.

ಒಂಬತ್ತು ಪಂದ್ಯಗಳ ಗುರು

2024ರ ಏಪ್ರಿಲ್‌ನಲ್ಲಿ ನಡೆದ ಆಟಗಾರರ ಆಯ್ಕೆಯಲ್ಲಿ ಬೇರ್ಸ್ ಮೊದಲನೆಯವರಾಗಿ ಆರಿಸಿಕೊಂಡದ್ದು ಕೇಲೆಬ್ ವಿಲಿಯಮ್ಸ್ ಅವರನ್ನು. ಕಾಲೇಜು ಫುಟ್ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು 2022ರಲ್ಲಿ ಗೆದ್ದಿದ್ದ ಆಟಗಾರ. ಅವರಿಗೆ ಪಾಠ ಹೇಳಲು ಸಿಯಾಟಲ್‌ನಿಂದ ಬಂದವರು ಶೇನ್ ವಾಲ್ಡ್ರನ್. ಮುಖ್ಯ ತರಬೇತುದಾರ ಎಬರ್‌ಫ್ಲಸ್ ರಕ್ಷಣಾ ವಿಭಾಗದಲ್ಲಿ ಪಳಗಿದವರಾದ್ದರಿಂದ ಆಕ್ರಮಣದ ಹೊಣೆಯೆಲ್ಲ ವಾಲ್ಡ್ರನ್ ಹೆಗಲಿಗೆ ಬಿತ್ತು.

ಮೂರನೇ ಪಂದ್ಯ ಮುಗಿಯುವಷ್ಟರಲ್ಲಿ ಹಿರಿಯ ಆಟಗಾರರು ವಾಲ್ಡ್ರನ್ ಜತೆ ಕುಳಿತು ಮಾತನಾಡಿದ ಸುದ್ದಿ ಹೊರಬಿತ್ತು. ಬಳಿಕ ಸತತ ಮೂರು ಗೆಲುವು ದಕ್ಕಿ 4–2ಕ್ಕೆ ಏರಿದಾಗ ಅಪಸ್ವರ ಅಡಗಿತು. ಅಕ್ಟೋಬರ್ 27ರಂದು ವಾಷಿಂಗ್ಟನ್ ವಿರುದ್ಧ ಎಲ್ಲವೂ ತಲೆಕೆಳಗಾಯಿತು. 12–7ರಿಂದ ಹಿಂದಿದ್ದ ಬೇರ್ಸ್, ಗೆರೆಯಿಂದ ಕೇವಲ ಒಂದು ಯಾರ್ಡ್ ದೂರದಲ್ಲಿದ್ದಾಗ, ಚೆಂಡನ್ನು ಓಟಗಾರನಿಗಾಗಲೀ ವಿಲಿಯಮ್ಸ್ ತೋಳಿಗಾಗಲೀ ಒಪ್ಪಿಸದೆ ಕಾವಲು ಸಾಲಿನ ಬದಲಿ ಆಟಗಾರನೊಬ್ಬನಿಗೆ ಕೊಟ್ಟು ನುಗ್ಗಿಸುವ ಚಮತ್ಕಾರಕ್ಕೆ ಕೈಹಾಕಿತು. ಚೆಂಡು ಕೈಜಾರಿ ಎದುರಾಳಿಗಳ ಪಾಲಾಯಿತು. ಹಾಗಿದ್ದೂ ಕೊನೆಯ ಅರ್ಧ ನಿಮಿಷದಲ್ಲಿ 15–12ರ ಮುನ್ನಡೆ ಸಿಕ್ಕಿತು. ಆಗ ಬೇರ್ಸ್‌ನ ರಕ್ಷಣಾ ಆಟಗಾರನೊಬ್ಬ ಪ್ರೇಕ್ಷಕರತ್ತ ತಿರುಗಿ ಕೈಸನ್ನೆ ಮಾಡುತ್ತಿರುವಂತೆಯೇ ವಾಷಿಂಗ್ಟನ್ ಕೊನೆಯ ಎಸೆತಕ್ಕೆ ಅಣಿಯಾಗಿತ್ತು. 52 ಯಾರ್ಡ್‌ಗಳ ಆ ಎಸೆತ ಹಲವರ ಕೈತಾಗಿ ಚಿಮ್ಮಿ ನೋವಾ ಬ್ರೌನ್ ಮಡಿಲು ಸೇರಿತು. 18–15.

ಮುಂದಿನ ಎರಡು ಪಂದ್ಯಗಳಲ್ಲಿ ಬೇರ್ಸ್ ಒಂದೇ ಒಂದು ಟಚ್‌ಡೌನ್ ಗಳಿಸಲಿಲ್ಲ. ಅದುವರೆಗೆ ಎರಡೇ ಪಂದ್ಯ ಗೆದ್ದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ನವೆಂಬರ್ 10ರಂದು ಸೋಲ್ಜರ್ ಫೀಲ್ಡ್‌ಗೆ ಬಂದು 19–3ರಿಂದ ಗೆದ್ದು ಹೋಯಿತು. ಅಂದು ವಿಲಿಯಮ್ಸ್ ಒಂಬತ್ತು ಬಾರಿ ನೆಲ ಕಚ್ಚಿದರು. ಎರಡು ದಿನಗಳಲ್ಲಿ ವಾಲ್ಡ್ರನ್ ಕೆಲಸ ಕಳೆದುಕೊಂಡರು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಆಗಲೇ ಅನೇಕರು ಭಾವಿಸಿದ್ದರು. ಹದಿನೇಳು ದಿನಗಳಲ್ಲಿ ಎಬರ್‌ಫ್ಲಸ್ ಸರದಿಯೂ ಬಂತು. ಎಸೆತ ವಿಭಾಗದ ಸಂಯೋಜಕರಾಗಿದ್ದ ಥಾಮಸ್ ಬ್ರೌನ್ ಈ ಹದಿನೇಳು ದಿನಗಳಲ್ಲಿ ಮೊದಲು ಆಕ್ರಮಣ ವಿಭಾಗದ ಮುಖ್ಯಸ್ಥರಾಗಿ, ಬಳಿಕ ಹಂಗಾಮಿ ಮುಖ್ಯ ತರಬೇತುದಾರರಾಗಿ ಬಡ್ತಿ ಪಡೆದದ್ದು ತಂಡದ ಆಡಳಿತದ ಸ್ಥಿತಿಗೆ ಹಿಡಿದ ಕನ್ನಡಿ.

ಸತತ ಹತ್ತು ಸೋಲುಗಳ ನಂತರ, ಕೊನೆಯ ಪಂದ್ಯದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಗೆದ್ದು ತಂಡ 5–12ರೊಂದಿಗೆ ಋತುವನ್ನು ಮುಗಿಸಿತು. ವಿಲಿಯಮ್ಸ್ ಒಟ್ಟು 68 ಬಾರಿ ಸ್ಯಾಕ್‌ಗೆ ಒಳಗಾಗಿದ್ದರು. ಒಂದೇ ಋತುವಿನಲ್ಲಿ ಇದಕ್ಕಿಂತ ಹೆಚ್ಚು ಬಾರಿ ಕೆಡವಿಸಿಕೊಂಡವರು ಎನ್‌ಎಫ್‌ಎಲ್ ಇತಿಹಾಸದಲ್ಲಿಯೇ ಇಬ್ಬರು ಮಾತ್ರ.

ಮೂರು ಮುಖ, ಒಂದೇ ಹಣೆಬರಹ

ಇದು ವಿಲಿಯಮ್ಸ್ ಒಬ್ಬರ ಪಾಡಾಗಿದ್ದರೆ ಅಭಿಮಾನಿಗಳು ಹೊಸಬನ ಕಷ್ಟವೆಂದು ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಇದೇ ನಾಟಕವನ್ನು ಅವರು ಏಳು ವರ್ಷಗಳಲ್ಲಿ ಮೂರನೇ ಬಾರಿ ನೋಡುತ್ತಿದ್ದರು.

2017ರಲ್ಲಿ ಬೇರ್ಸ್ ಆಯ್ಕೆಯ ಸಾಲಿನಲ್ಲಿ ಒಂದು ಮೆಟ್ಟಿಲು ಮೇಲೇರಲು ಮುಂದಿನ ಹಲವು ಆಯ್ಕೆಗಳನ್ನು ಬಿಟ್ಟುಕೊಟ್ಟು, ಎರಡನೆಯವರಾಗಿ ಮಿಚೆಲ್ ಟ್ರುಬಿಸ್ಕಿ ಅವರನ್ನು ತಂದಿತು. ಅದೇ ಸಂಜೆ ಹತ್ತನೆಯವರಾಗಿ ಕಾನ್ಸಾಸ್ ಸಿಟಿ ಪಾಲಾದ ಹುಡುಗನ ಹೆಸರು ಪ್ಯಾಟ್ರಿಕ್ ಮಹೋಮ್ಸ್. ಮುಂದೆ ಮೂರು ಸೂಪರ್ ಬೌಲ್ ಗೆದ್ದ ಮಹೋಮ್ಸ್ ಹೆಸರೆತ್ತಿದರೆ ಷಿಕಾಗೊದಲ್ಲಿ ಇಂದಿಗೂ ಗಾಯಕ್ಕೆ ಉಪ್ಪು ಸವರಿದಂತೆ. ಆದರೆ ಆಯ್ಕೆಯ ತಪ್ಪಿಗಿಂತ ಗಮನಿಸಬೇಕಾದದ್ದು ನಂತರದ ಪೋಷಣೆ. ಮಹೋಮ್ಸ್ ಮೊದಲ ವರ್ಷ ಹೆಚ್ಚುಕಡಿಮೆ ಪೂರ್ತಿ ಹಿರಿಯ ಆಟಗಾರನ ಹಿಂದೆ ಕುಳಿತು, ಆ್ಯಂಡಿ ರೀಡ್ ಎಂಬ ಒಬ್ಬರೇ ಗುರುವಿನ ಬಳಿ ಕಲಿತರು. ಟ್ರುಬಿಸ್ಕಿ ಐದನೇ ಪಂದ್ಯಕ್ಕೇ ಕಣಕ್ಕಿಳಿದರು. ಋತು ಮುಗಿಯುತ್ತಿದ್ದಂತೆ ಮುಖ್ಯ ತರಬೇತುದಾರ ಜಾನ್ ಫಾಕ್ಸ್ ವಜಾಗೊಂಡರು. ನಾಲ್ಕು ವರ್ಷಗಳಲ್ಲಿ ಅವರು ಮೂವರು ಆಫೆನ್ಸಿವ್ ಕೋಆರ್ಡಿನೇಟರ್‌ಗಳನ್ನು ಕಂಡರು.

2021ರಲ್ಲಿ ಜಸ್ಟಿನ್ ಫೀಲ್ಡ್ಸ್ ಬಂದರು. ಅವರಿಗಾಗಿ ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನೇ ತಂಡ ಒತ್ತೆಯಿಟ್ಟಿತ್ತು. ಸೆಪ್ಟೆಂಬರ್ 26ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಅವರು ಆಡಿದ ಮೊದಲ ಪಂದ್ಯವನ್ನು ಬೇರ್ಸ್ ಅಭಿಮಾನಿಗಳು ದುಃಸ್ವಪ್ನವೆಂದೇ ನೆನೆಯುತ್ತಾರೆ. ಚುರುಕು ಕಾಲಿನ, ಓಡುತ್ತ ಎಸೆಯಬಲ್ಲ ಯುವಕನನ್ನು ಮುಖ್ಯ ತರಬೇತುದಾರ ಮ್ಯಾಟ್ ನೇಗಿ ಗಾಯಗೊಂಡ ಹಿರಿಯ ಆಟಗಾರ ಆ್ಯಂಡಿ ಡಾಲ್ಟನ್‌ಗೆ ಒಪ್ಪುವಂಥ ತಂತ್ರಗಳಲ್ಲೇ ಕಟ್ಟಿ ನಿಲ್ಲಿಸಿದರು ಎಂಬುದು ಅಂದಿನ ಪ್ರಮುಖ ದೂರು. ಒಂಬತ್ತು ಸ್ಯಾಕ್, 20 ಎಸೆತಗಳಲ್ಲಿ ಆರು ಮಾತ್ರ ಸಫಲ. ಸ್ಯಾಕ್‌ಗಳಲ್ಲಿ ಕಳೆದುಕೊಂಡದ್ದನ್ನು ಕಳೆದರೆ ಇಡೀ ದಿನದ ಎಸೆತಗಳಿಂದ ತಂಡ ಗಳಿಸಿದ್ದು ಒಂದೇ ಒಂದು ಯಾರ್ಡ್. ಋತುವಿನ ಕೊನೆಗೆ ನೇಗಿ ನಿರ್ಗಮಿಸಿದರು.

ಎಬರ್‌ಫ್ಲಸ್ ಮತ್ತು ಆಕ್ರಮಣದ ಹೊಣೆ ಹೊತ್ತ ಲೂಕ್ ಗೆಟ್ಸಿ ಬಂದರು. ಫೀಲ್ಡ್ಸ್ ಮತ್ತೆ ಮೊದಲಿನಿಂದ ಕಲಿತರು. 2022ರಲ್ಲಿ ಅವರು ಓಡಿಯೇ 1,143 ಯಾರ್ಡ್ ಗಳಿಸಿದರು, ತಂಡ ಮೂರೇ ಪಂದ್ಯ ಗೆದ್ದಿತು. 2023ರ ಸೆಪ್ಟೆಂಬರ್‌ನಲ್ಲಿ ತಾವು ಯಂತ್ರದಂತೆ ಆಡುತ್ತಿರುವುದಾಗಿ ಸುದ್ದಿಗಾರರ ಮುಂದೆ ಒಪ್ಪಿಕೊಂಡ ಫೀಲ್ಡ್ಸ್, ಅದಕ್ಕೆ ತರಬೇತಿಯೂ ಒಂದು ಕಾರಣವೆಂಬ ಸುಳಿವು ನೀಡಿದಾಗ ಊರೆಲ್ಲ ಕೋಲಾಹಲ. 2024ರ ಆರಂಭದಲ್ಲಿ ಗೆಟ್ಸಿ ವಜಾ, ಮಾರ್ಚ್‌ನಲ್ಲಿ ಫೀಲ್ಡ್ಸ್ ಪಿಟ್ಸ್‌ಬರ್ಗ್‌ಗೆ. ಎಬರ್‌ಫ್ಲಸ್ ಮಾತ್ರ ಉಳಿದರು.

ಟ್ರುಬಿಸ್ಕಿ, ಫೀಲ್ಡ್ಸ್, ವಿಲಿಯಮ್ಸ್ ಮೂವರನ್ನೂ ತಂಡ ಒಪ್ಪಿಸಿದ್ದು ಕುರ್ಚಿ ಅಲುಗಾಡುತ್ತಿದ್ದ ತರಬೇತುದಾರರ ಕೈಗೆ. ಮೂವರೂ ಮೊದಲ ವರ್ಷದೊಳಗೇ ತಮ್ಮ ಮುಖ್ಯ ತರಬೇತುದಾರನನ್ನು ಕಳೆದುಕೊಂಡರು. ಸ್ವತಃ ಉಳಿಯುವ ಆತಂಕದಲ್ಲಿರುವ ಗುರು ಶಿಷ್ಯನ ಐದು ವರ್ಷದ ಭವಿಷ್ಯವನ್ನು ಯೋಚಿಸುವುದು ಕಷ್ಟ. ಈ ಭಾನುವಾರ ಗೆಲ್ಲುವುದು ಹೇಗೆಂಬುದೇ ಆತನ ಚಿಂತೆ. ಇನ್ನೂ ಹಿಂದಕ್ಕೆ ಹೋದರೆ, 2009ರಿಂದ 2016ರವರೆಗೆ ಆಡಿದ ಜೇ ಕಟ್ಲರ್ ಎಂಟು ವರ್ಷಗಳಲ್ಲಿ ಆರು ಮಂದಿ ಕೋಆರ್ಡಿನೇಟರ್‌ಗಳ ಕೈಕೆಳಗೆ ಆಡಿದ್ದರು. 1940ರ ದಶಕದಲ್ಲಿ ಮಿಂಚಿದ ಸಿಡ್ ಲಕ್ಮನ್ ನಂತರ ಈ ಊರು ನಿಜವಾದ ಕ್ವಾರ್ಟರ್‌ಬ್ಯಾಕ್‌ನನ್ನು ಕಂಡಿಲ್ಲ ಎಂಬ ವ್ಯಂಗ್ಯ ಸುಮ್ಮನೆ ಹುಟ್ಟಿದ್ದಲ್ಲ. ಮಗ ಷಿಕಾಗೊ ಸೇರುವುದು ವಿಲಿಯಮ್ಸ್ ಅವರ ತಂದೆಗೂ ಇಷ್ಟವಿರಲಿಲ್ಲ ಎಂಬುದು ಸೇತ್ ವಿಕರ್‌ಶಾಮ್ ಅವರ ಪುಸ್ತಕದ ಮೂಲಕ 2025ರಲ್ಲಿ ಬಯಲಾಯಿತು. ಪಂದ್ಯದ ದೃಶ್ಯಗಳನ್ನು ಹೇಗೆ ಅಧ್ಯಯನ ಮಾಡಬೇಕೆಂದು ಹೇಳಿಕೊಡುವವರೇ ಮೊದಲ ವರ್ಷ ಇರಲಿಲ್ಲ ಎಂಬ ಮಾತೂ ಅದರಲ್ಲಿತ್ತು. ವಿಲಿಯಮ್ಸ್ ಬಳಿಕ ಅದನ್ನು ಮೆದುಗೊಳಿಸಿದರೂ ಅಭಿಮಾನಿಗಳಿಗೆ ತಮ್ಮ ಗುಮಾನಿ ನಿಜವೆನಿಸಿತ್ತು.

ಪೂರ್ತಿ ತಪ್ಪು ತರಬೇತುದಾರರದೇ?

ಹಾಗೆಂದು ಗ್ಯಾಲರಿಯ ಕೂಗೆಲ್ಲ ನ್ಯಾಯವೆನ್ನಲಾಗದು. ಆ 68 ಸ್ಯಾಕ್‌ಗಳಲ್ಲಿ ಕಾವಲುಗಾರರ ಪಾಲು ದೊಡ್ಡದು. ವಿಲಿಯಮ್ಸ್ ಪಾಲೂ ಚಿಕ್ಕದಲ್ಲ. ಕಾಲೇಜಿನಲ್ಲಿ ಚೆಂಡನ್ನು ಹಿಡಿದುಕೊಂಡೇ ಅತ್ತಿತ್ತ ಓಡಿ ಪವಾಡ ಮಾಡುತ್ತಿದ್ದ ಅಭ್ಯಾಸವನ್ನು ಅವರು ವೃತ್ತಿಪರ ಕಣಕ್ಕೂ ತಂದಿದ್ದರು. ಹತ್ತಿರದ ಸುಲಭ ಎಸೆತ ಬಿಟ್ಟು ದೂರದ್ದನ್ನು ಹುಡುಕುವ ದೌರ್ಬಲ್ಯ ಫೀಲ್ಡ್ಸ್ ಅವರಲ್ಲೂ ಇತ್ತು. ಇಂಥ ಅಭ್ಯಾಸಗಳನ್ನು ತಿದ್ದಲು ತಾಳ್ಮೆಯೂ ಕಾಲಾವಕಾಶವೂ ಬೇಕು. ಒಂಬತ್ತೇ ಪಂದ್ಯಕ್ಕೆ ಗುರುವನ್ನು ಬದಲಿಸುವ ಕಡೆ ಅವೆರಡೂ ಸಿಗುವುದಿಲ್ಲ. ವಾಲ್ಡ್ರನ್ ವಜಾಕ್ಕೆ ಕೂಗೆಬ್ಬಿಸಿದವರೇ ಆಗಾಗ್ಗೆ ತರಬೇತುದಾರರ ಬದಲಾವಣೆಯನ್ನು ಶಪಿಸಿದವರೂ ಹೌದು.

2025ರ ಜನವರಿಯಲ್ಲಿ ಆಡಳಿತ ದಾರಿ ಬದಲಿಸಿತು. ಡೆಟ್ರಾಯಿಟ್‌ನ ಆಕ್ರಮಣ ವಿಭಾಗವನ್ನು ರೂಪಿಸಿದ್ದ ಬೆನ್ ಜಾನ್ಸನ್ ಅವರನ್ನೇ ಮುಖ್ಯ ತರಬೇತುದಾರರನ್ನಾಗಿ ಕರೆತಂದಿತು. ರೇಡಿಯೊದಲ್ಲಿ ಆದೇಶ ನೀಡುವ ಕೆಲಸವನ್ನು ಅವರು ತಾವೇ ಇಟ್ಟುಕೊಂಡರು. ಅಂದರೆ ಕಿವಿಯಲ್ಲಿ ಕೇಳುವ ದನಿ ಮತ್ತು ಕುರ್ಚಿಯ ಒಡೆಯ ಇಬ್ಬರೂ ಒಬ್ಬರೇ ಆದರು. ಕಾವಲು ಸಾಲಿಗೆ ಜೋ ಥುನಿ, ಜೋನಾ ಜಾಕ್ಸನ್, ಡ್ರೂ ಡಾಲ್ಮನ್ ಎಂಬ ಮೂವರು ಅನುಭವಿಗಳನ್ನು ಸೇರಿಸಲಾಯಿತು. ಅದೇ ವಿಲಿಯಮ್ಸ್ 2025ರಲ್ಲಿ 24 ಬಾರಿ ಮಾತ್ರ ಸ್ಯಾಕ್‌ಗೆ ಒಳಗಾದರು. ತಂಡ 11–6ರೊಂದಿಗೆ 2018ರ ನಂತರ ಮೊದಲ ಬಾರಿ ತನ್ನ ವಿಭಾಗದ ಅಗ್ರಸ್ಥಾನಕ್ಕೇರಿತು. 2026ರ ಜನವರಿಯಲ್ಲಿ 21–3ರಿಂದ ಹಿಂದಿದ್ದ ನಾಕೌಟ್ ಪಂದ್ಯವನ್ನು ಪ್ಯಾಕರ್ಸ್ ವಿರುದ್ಧವೇ 31–27ರಿಂದ ಗೆದ್ದಿತು. ಆ ಹಂತದಲ್ಲಿ ಹದಿನೈದು ವರ್ಷಗಳ ಬಳಿಕ ದಕ್ಕಿದ ಗೆಲುವು ಅದು. ಮರುವಾರ ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು ಹೆಚ್ಚುವರಿ ಅವಧಿಯಲ್ಲಿ 20–17ರಿಂದ ಸೋತು ಹೊರಬಿತ್ತು.

ಬೇರ್ಸ್ ಪರ ಒಂದು ಋತುವಿನ ಎಸೆತಗಳ ದಾಖಲೆ 1995ರಿಂದ ಎರಿಕ್ ಕ್ರೇಮರ್ ಹೆಸರಿನಲ್ಲಿತ್ತು: 3,838 ಯಾರ್ಡ್. ವಿಲಿಯಮ್ಸ್ 2025ರಲ್ಲಿ ಅದನ್ನು 3,942ಕ್ಕೆ ಏರಿಸಿದರು. ಲೀಗ್‌ನ 32 ತಂಡಗಳ ಪೈಕಿ ನಾಲ್ಕು ಸಾವಿರ ಯಾರ್ಡ್ ಮುಟ್ಟಿದ ಕ್ವಾರ್ಟರ್‌ಬ್ಯಾಕ್ ಇಲ್ಲದ ಏಕೈಕ ತಂಡವೆಂಬ ಹಣೆಪಟ್ಟಿ ಕಳಚಲು ಆ ಋತುವಿನಲ್ಲಿ ಕೊರತೆಯಾದದ್ದು 58 ಯಾರ್ಡ್.