ಹಳೆಯ ವಾಹನದ ಕ್ಲಚ್ ಸೋರಿಕೆ: ಗೇರ್‌ಬಾಕ್ಸ್ ಇಳಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ವರ್ತಕರು ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರಲ್ಲಿ ಅನೇಕರು ಹದಿನೈದು, ಇಪ್ಪತ್ತು ವರ್ಷ ಹಳೆಯ ವಾಹನಗಳನ್ನು ಇಂದಿಗೂ ದೈನಂದಿನ ವ್ಯವಹಾರಕ್ಕೆ ಬಳಸುತ್ತಿದ್ದಾರೆ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ, 2005ರಲ್ಲಿ ಇನ್ನೋವಾಗೆ ಸ್ಥಾನ ಬಿಟ್ಟುಕೊಟ್ಟ ಟೊಯೋಟಾ ಕ್ವಾಲಿಸ್ ಇದಕ್ಕೆ ಉತ್ತಮ ನಿದರ್ಶನ. ಇಂತಹ ವಾಹನಗಳ ಎಂಜಿನ್ ದೀರ್ಘಕಾಲ ಬಾಳಿದರೂ ರಬ್ಬರ್ ಭಾಗಗಳಿಗೆ ಅಷ್ಟು ಆಯುಸ್ಸಿಲ್ಲ. ಕ್ಲಚ್‌ನ ಹೈಡ್ರಾಲಿಕ್ ಸಿಲಿಂಡರ್‌ನಲ್ಲಿರುವ ಪುಟ್ಟ ರಬ್ಬರ್ ಸೀಲ್ ಸವೆದರೆ ಸಾಕು, ಸರಕು ತಲುಪಿಸಬೇಕಾದ ದಿನವೇ ವಾಹನ ರಸ್ತೆ ಬದಿಯಲ್ಲಿ ನಿಲ್ಲಬಹುದು. ದೋಷವನ್ನು ಸರಿಯಾಗಿ ಗುರುತಿಸದೆ ಇಡೀ ಕ್ಲಚ್ ಸೆಟ್ ಬದಲಾಯಿಸಿ ಹಣ ಕಳೆದುಕೊಳ್ಳುವ ಸಂದರ್ಭಗಳೂ ಉಂಟು.

ಒಂದು ಚಮಚ ದ್ರವದ ಕೆಲಸ

ಕ್ಲಚ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮುಂದೆ ಸರಿದು, ಬ್ರೇಕ್ ಆಯಿಲನ್ನು ಪೈಪಿನ ಮೂಲಕ ಗೇರ್‌ಬಾಕ್ಸ್ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರ್‌ಗೆ ತಳ್ಳುತ್ತದೆ. ಅಲ್ಲಿನ ಪಿಸ್ಟನ್ ಹೊರಚಾಚಿ ಕ್ಲಚ್ ಫೋರ್ಕನ್ನು ನೂಕುತ್ತದೆ. ಉದಾಹರಣೆಗೆ, ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ 16 ಮಿ.ಮೀ., ಸ್ಲೇವ್ ಸಿಲಿಂಡರ್‌ನದು 20 ಮಿ.ಮೀ. ಎಂದು ಭಾವಿಸಿದರೆ, ಬಲವು ಸುಮಾರು ಒಂದೂವರೆ ಪಟ್ಟು ಹೆಚ್ಚುತ್ತದೆ. ಆದರೆ ಮಾಸ್ಟರ್ ಪಿಸ್ಟನ್ 25 ಮಿ.ಮೀ. ಚಲಿಸಿದಾಗ ಸ್ಲೇವ್ ಪಿಸ್ಟನ್ ಚಲಿಸುವುದು 16 ಮಿ.ಮೀ. ಮಾತ್ರ. ಈ ಒಂದು ಒತ್ತಿಗೆ ಪೈಪಿನಲ್ಲಿ ಸಾಗುವ ದ್ರವ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು. ಅದರಲ್ಲಿ ಸ್ವಲ್ಪ ಭಾಗ ಸೋರಿಹೋದರೂ, ಒಳಗೆ ಗಾಳಿ ಸೇರಿದರೂ ಕ್ಲಚ್ ಪೂರ್ಣವಾಗಿ ಬಿಡುವುದಿಲ್ಲ.

ಸವೆದ ಪ್ಲೇಟೋ, ಸೋರುವ ಸಿಲಿಂಡರೋ?

ಈ ಎರಡು ದೋಷಗಳ ಲಕ್ಷಣಗಳು ಪರಸ್ಪರ ವಿರುದ್ಧವಾದವು. ಕ್ಲಚ್ ಪ್ಲೇಟ್ ಸವೆದಿದ್ದರೆ ಕ್ಲಚ್ ಜಾರುತ್ತದೆ: ಏರಿನಲ್ಲಿ ಎಂಜಿನ್ ಜೋರಾಗಿ ತಿರುಗಿದರೂ ವಾಹನ ವೇಗ ಪಡೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹೈಡ್ರಾಲಿಕ್ ವ್ಯವಸ್ಥೆ ಸೋರುತ್ತಿದ್ದರೆ ಕ್ಲಚ್ ಬಿಡುವುದೇ ಇಲ್ಲ: ಒಂದನೆಯ ಗೇರ್ ಹಾಗೂ ರಿವರ್ಸ್ ಗೇರ್ ಕರಕರ ಶಬ್ದ ಮಾಡುತ್ತವೆ, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಎರಡು ಮೂರು ಬಾರಿ ಒತ್ತಿದ ಮೇಲೆ ಗೇರ್ ಬೀಳುತ್ತದೆ.

ಇನ್ನೊಂದು ಸರಳ ಪರೀಕ್ಷೆ ಆಯಿಲ್ ಪಾತ್ರೆಯದು. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಪಾತ್ರೆಯ ಮಟ್ಟ ಇಳಿಯುವುದು ಸಹಜ. ಕ್ಲಚ್‌ನಲ್ಲಿ ಹಾಗಲ್ಲ. ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆಯಲ್ಲಿ ಪ್ಲೇಟ್ ಸವೆದಂತೆ ಸ್ಲೇವ್ ಪಿಸ್ಟನ್ ಒಳಕ್ಕೆ ಸರಿಯುವುದರಿಂದ ಮಟ್ಟ ಸ್ವಲ್ಪ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಕ್ಲಚ್ ಪಾತ್ರೆಯ ಮಟ್ಟ ಇಳಿಯುತ್ತಿದ್ದರೆ ಅದು ಸೋರಿಕೆಯೆಂದೇ ತಿಳಿಯಬೇಕು. ಕೆಲವು ವಾಹನಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಪಾತ್ರೆ ಇರುತ್ತದೆ. ಅಲ್ಲಿ ದುರಸ್ತಿಯನ್ನು ಒಂದು ದಿನವೂ ಮುಂದೂಡಬಾರದು.

ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟನ್ನು ಸರಿಸಿ ನೋಡಿದಾಗ ಒಳಗೆ ತೇವವಿದ್ದರೆ ದೋಷ ಅಲ್ಲಿದೆ. ಪೆಡಲ್ ಮೇಲ್ಭಾಗದ ರಾಡಿನ ಬಳಿ, ವಾಹನದ ಒಳಭಾಗದಲ್ಲಿ ತೇವವಿದ್ದರೆ ದೋಷ ಮಾಸ್ಟರ್ ಸಿಲಿಂಡರ್‌ನದು. ಹೊರಗೆಲ್ಲೂ ತೇವವಿಲ್ಲ, ಮಟ್ಟವೂ ಇಳಿದಿಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕುಸಿಯುತ್ತಿದೆ ಎಂದಾದರೆ ಮಾಸ್ಟರ್ ಸಿಲಿಂಡರ್‌ನ ಒಳ ಸೀಲ್ ಸೋತಿರುವ ಸಂಭವ ಹೆಚ್ಚು.

ಕಿಟ್ ಸಾಕೇ, ಪೂರ್ಣ ಸಿಲಿಂಡರ್ ಬೇಕೇ?

ಸೀಲ್‌ಗಳ ಕಿಟ್ ಅಗ್ಗವಾದುದು. ಆದರೆ ಅದರ ಯಶಸ್ಸು ಸಿಲಿಂಡರ್‌ನ ಒಳಗೋಡೆಯನ್ನು ಅವಲಂಬಿಸಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ವರ್ಷಗಟ್ಟಲೆ ಬದಲಾಯಿಸದಿದ್ದಲ್ಲಿ ಒಳಗೋಡೆಯಲ್ಲಿ ತುಕ್ಕಿನ ಕುಳಿಗಳು ಮೂಡುತ್ತವೆ. ಉಗುರಿಗೆ ತಗಲುವಷ್ಟು ಗೀರು ಅಥವಾ ಕುಳಿ ಇದ್ದರೆ ಹೊಸ ಸೀಲ್ ಕೂಡ ಬೇಗ ಸವೆಯುತ್ತದೆ. ಅಲ್ಯೂಮಿನಿಯಂ ಸಿಲಿಂಡರನ್ನು ಉಜ್ಜಿ ನಯಗೊಳಿಸಿದರೆ ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ಇಂತಹ ಸಂದರ್ಭಗಳಲ್ಲಿ ಪೂರ್ಣ ಸಿಲಿಂಡರನ್ನು ಹಾಕುವುದೇ ಲಾಭಕರ. ಮಾಸ್ಟರ್ ಮತ್ತು ಸ್ಲೇವ್ ಒಂದೇ ವಯಸ್ಸಿನವಾದ್ದರಿಂದ ಒಂದನ್ನು ಬದಲಾಯಿಸುವಾಗ ಇನ್ನೊಂದನ್ನೂ, ಜೊತೆಗೆ ರಬ್ಬರ್ ಹೋಸನ್ನೂ ಪರಿಶೀಲಿಸುವುದು ಒಳಿತು.

ಕ್ವಾಲಿಸ್‌ನಂತಹ ವಾಹನಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗಡೆ ಇರುವುದರಿಂದ ಗೇರ್‌ಬಾಕ್ಸ್ ಇಳಿಸುವ ಅಗತ್ಯವಿಲ್ಲ. ಇತ್ತೀಚಿನ ಕೆಲವು ವಾಹನಗಳಲ್ಲಿ ಅದು ಬೇರಿಂಗ್ ಜೊತೆ ಗೇರ್‌ಬಾಕ್ಸ್ ಕವಚದ ಒಳಗೇ ಇರುತ್ತದೆ. ಅಂತಹವುಗಳಲ್ಲಿ ಕೂಲಿಯೇ ಮುಖ್ಯ ವೆಚ್ಚವಾದ್ದರಿಂದ ಕ್ಲಚ್ ಸೆಟ್ ಬದಲಾಯಿಸುವಾಗಲೇ ಸಿಲಿಂಡರನ್ನೂ ಬದಲಾಯಿಸುವುದು ಜಾಣತನ.

ಕೆಲಸದ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಜ್ಯಾಕ್ ಮಾತ್ರವಲ್ಲದೆ ಸ್ಟ್ಯಾಂಡ್ ಕೂಡ ಕೊಡಬೇಕು. ಪೈಪಿನ ನಟ್ಟನ್ನು ಸಾಮಾನ್ಯ ಸ್ಪ್ಯಾನರ್‌ನಿಂದ ತಿರುಗಿಸಿದರೆ ಮೂಲೆಗಳು ಸವೆದು ಪೈಪನ್ನೇ ಬದಲಾಯಿಸಬೇಕಾದೀತು. ಅದಕ್ಕೆಂದೇ ಇರುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಬೇಕು. ಸಿಲಿಂಡರ್ ಬಿಚ್ಚಿದ ಕೂಡಲೇ ಪೈಪಿನ ಬಾಯಿಯನ್ನು ಮುಚ್ಚಬೇಕು. ತಾಮ್ರದ ವಾಷರ್‌ಗಳಿದ್ದಲ್ಲಿ ಹೊಸದನ್ನೇ ಹಾಕಬೇಕು.

ಜೋಡಣೆಯ ನಂತರ ಗಾಳಿ ತೆಗೆಯುವುದು ಅತಿ ಮುಖ್ಯ ಹಂತ. ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಮತ್ತೊಬ್ಬರು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿದ ಬಳಿಕವೇ ಪೆಡಲ್ ಬಿಡಬೇಕು. ಗುಳ್ಳೆಗಳು ನಿಲ್ಲುವವರೆಗೂ ಇದನ್ನು ಮುಂದುವರಿಸಬೇಕು. ಪಾತ್ರೆ ಬರಿದಾಗಲು ಬಿಡಬಾರದು. ಚೆಲ್ಲಿದ ಆಯಿಲ್ ಬಣ್ಣವನ್ನು ಕೆಡಿಸುವುದರಿಂದ ತಕ್ಷಣ ನೀರಿನಿಂದ ತೊಳೆಯಬೇಕು.

ತಯಾರಕರು ಸೂಚಿಸಿದ ಡಾಟ್ 3 ಅಥವಾ ಡಾಟ್ 4 ಆಯಿಲನ್ನು, ಮೊಹರು ಒಡೆಯದ ಡಬ್ಬಿಯಿಂದಲೇ ಬಳಸಬೇಕು. ತುರ್ತಿಗೆಂದು ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದರೆ ಸೀಲ್‌ಗಳು ಊದಿಕೊಂಡು, ವ್ಯವಸ್ಥೆಯ ರಬ್ಬರ್ ಭಾಗಗಳೆಲ್ಲವನ್ನೂ ಬದಲಾಯಿಸಬೇಕಾದ ಸ್ಥಿತಿ ಬರುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಒಂದೇ ಸಿಲಿಂಡರ್ ಹಲವು ದರಗಳಲ್ಲಿ ದೊರೆಯುತ್ತದೆ. ಹಳೆಯ ಭಾಗವನ್ನು ಜೊತೆಗೆ ಒಯ್ದು, ಒಳವ್ಯಾಸ ಹಾಗೂ ಭಾಗದ ಸಂಖ್ಯೆಯನ್ನು ಹೋಲಿಸಿ, ಬಿಲ್ ಸಹಿತ ಖರೀದಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರ ಶೇ. 18 ಆಗಿದೆ. ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು ನೋಂದಾಯಿತ ವರ್ತಕರು ಇನ್‌ಪುಟ್ ತೆರಿಗೆಯಾಗಿ ಜಮೆ ಪಡೆಯಬಹುದು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಗೆ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ.

ಖಾಸಗಿ ವಾಹನಗಳ ನೋಂದಣಿಯನ್ನು 15 ವರ್ಷಗಳ ನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ ಹಳೆಯ ವಾಹನ ಉಳಿಸಿಕೊಳ್ಳುವವರು ದುರಸ್ತಿಯ ಲೆಕ್ಕವನ್ನೂ ಇಡುವುದು ಅವಶ್ಯ. ತಿಂಗಳಿಗೊಮ್ಮೆ ಕ್ಲಚ್ ಪಾತ್ರೆಯ ಮಟ್ಟವನ್ನು, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿದ ದಿನಾಂಕವನ್ನು ವಾಹನದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸೋರಿಕೆ ದಾರಿಯಲ್ಲಲ್ಲದೆ, ಅಂಗಳದಲ್ಲೇ ಪತ್ತೆಯಾಗುತ್ತದೆ.